ಮಾಳಿಗೆ ಏರಿದ ಹೊಳೆಮಣ್ಣು

ರೋಹಿಣಿ ಮಳೆಗೆ ಮುಂಚೆ ನಮ್ಮ ಓಣಿಯಲ್ಲಿ ಯಾರಾದರೊಬ್ಬರು ಮಾಳಿಗೆಗೆ ಮಣ್ಣು ಹಾಕಿಸುತ್ತಾರೆ. ಬಸವನ ಬಾಗೇವಾಡಿಯಲ್ಲಿ ಈಗ ಸಿಮೆಂಟಿನ ಮನೆಗಳೇ ಹೆಚ್ಚು. ಆದರೂ ಹಳೆಯ ಮಣ್ಣಿನ ಸೂರಿನ ಮಾಳಿಗೆಗಳು ನಾಲ್ಕಾರು ಉಳಿದಿವೆ. ನಿಚ್ಚಣಿಕೆಗೆ ಬುಟ್ಟಿ ತಾಗುವ ಸದ್ದು ಕೇಳಿದ ಕೂಡಲೇ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಅವರಿಗೆ ಧೂಳು ಆಗಿಬರುವುದಿಲ್ಲ ಎಂದು ಹೆಂಡತಿ ನೆರೆಯವರಿಗೆ ಹೇಳಿ ಮುಚ್ಚಿಹಾಕುತ್ತಾಳೆ. ಮುದುಕನ ಸಿಡುಕು ಎಂದು ಅವರು ತಿಳಿದಿದ್ದಾರೆ. ಸಿಡುಕು ನನಗಿದೆ, ಇಲ್ಲವೆನ್ನುವುದಿಲ್ಲ. ಚಹಾ ಆರಿದರೆ ಸಿಡುಕುತ್ತೇನೆ, ಬಸ್ಸು ತಡವಾದರೆ ಸಿಡುಕುತ್ತೇನೆ. ಆದರೆ ಬಾಗಿಲು ಹಾಕಿಕೊಳ್ಳುವುದು ಸಿಡುಕಿಗಲ್ಲ, ನಾಚಿಕೆಗೆ. ಆ ಮಣ್ಣಿನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ಅದನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ.

ನನ್ನ ಕೆಲಸ ಮಣ್ಣು ನೋಡುವುದಾಗಿತ್ತು. ಹೀಗೆಂದರೆ ಜನ ನಗುತ್ತಾರೆ, ಮಣ್ಣು ನೋಡಲಿಕ್ಕೆ ಪಗಾರ ಬೇಕೇ ಎನ್ನುತ್ತಾರೆ. ನಮ್ಮ ಜಿಲ್ಲೆ ಮುಂಬಯಿ ಸರ್ಕಾರದ ಕೈಯಿಂದ ಮೈಸೂರು ಸರ್ಕಾರದ ಕೈಗೆ ಬಂದು ಒಂದೆರಡು ವರ್ಷವಾಗಿದ್ದ ಕಾಲ ಅದು. ನಾನು ಇಂಡಿ ಊರಿನವನು. ಅಲ್ಲೇ ಮ್ಯಾಟ್ರಿಕ್ ಮುಗಿಸಿ, ಬಿಜಾಪುರದಲ್ಲಿ ಎರಡು ವರ್ಷ ವಿಜ್ಞಾನ ಓದಿ, ಮುಂದೆ ಓದಲಾಗದೆ ಮನೆಯಲ್ಲಿ ಕೂತಿದ್ದೆ. ನಕ್ಷೆ ಬರೆಯುವ ಕೈ ಚೆನ್ನಾಗಿತ್ತು. ಹೊಳೆದಂಡೆಯ ನೆಲ ಪರೀಕ್ಷಿಸುವ ಸರ್ವೆ ತಂಡವೊಂದರಲ್ಲಿ ಹಂಗಾಮಿ ಸಹಾಯಕನಾಗಿ ಸೇರಿಕೊಂಡೆ. ತಂಡ ಎಂದರೆ ದೊಡ್ಡದೇನಲ್ಲ: ಒಬ್ಬ ಸಾಹೇಬರು, ನಾನು, ಒಬ್ಬ ಅಡುಗೆಯವ, ಗುಂಡಿ ತೋಡಲು ಆಯಾ ಊರಿನ ಆಳುಗಳು.

ಸಾಹೇಬರು ಹಳೆ ಮೈಸೂರಿನವರು. ತೆಳ್ಳಗೆ, ಎತ್ತರ, ಬಿಸಿಲಿಗೆ ಕೆಂಪಗಾಗುವ ಮುಖ. ಜೋಳದ ರೊಟ್ಟಿಯನ್ನು ಹಪ್ಪಳದಂತೆ ಮುರಿದು ಎರಡು ಕೈಯಲ್ಲೂ ತಿನ್ನುತ್ತಿದ್ದರು. ನಾನು ‘ಐತಿ’ ಎಂದಾಗೆಲ್ಲ ಅವರಿಗೆ ನಗು ಬರುತ್ತಿತ್ತು. ಕೆಟ್ಟ ನಗೆಯಲ್ಲ, ಮಗುವಿನ ಮಾತು ಕೇಳಿ ನಗುವ ಹಾಗೆ. ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಮೂರು ತಿಂಗಳಲ್ಲಿ ನಾನು ‘ಇದೆ’ ಎನ್ನಲು ಕಲಿತೆ. ರಜೆಗೆ ಇಂಡಿಗೆ ಹೋದಾಗ ಅವ್ವ ಒಲೆಯ ಮುಂದಿನಿಂದ ತಲೆ ಎತ್ತಿ, “ಇದ್ಯಾರ ಮಾತ ಆಡಾಕತ್ತೀಪಾ ನೀ?” ಎಂದು ಕೇಳಿದಳು. ನನಗೆ ಆಗ ಹೆಮ್ಮೆಯಾಯಿತು.

ಸಾಹೇಬರಿಗೆ ಕಲಿಸುವ ಚಟವಿತ್ತು. ಮೊದಲ ಪಾಠ ಮುದ್ದೇಬಿಹಾಳದ ಕಡೆ ನಡೆಯಿತು. ಅಲ್ಲಿನ ಹಳ್ಳಗಳಲ್ಲಿ ಹಾಸುಗಲ್ಲುಗಳು ಒಂದರ ಮೇಲೊಂದು ಪದರಾಗಿ ಎದ್ದು ಕಾಣುತ್ತವೆ. ಅವು ಒಂದು ಕಾಲಕ್ಕೆ ನೀರು ತಂದು ಹಾಕಿದ ಮರಳು ಮತ್ತು ಕೆಸರು, ಯಾರೂ ಎಣಿಸಲಾರದಷ್ಟು ವರ್ಷ ಅದುಮಿಕೊಂಡು ಕಲ್ಲಾಗಿವೆ ಎಂದರು. ನೀರು ಮಣ್ಣನ್ನು ಸುಮ್ಮನೆ ಸುರಿಯುವುದಿಲ್ಲ. ಜೋರಾಗಿ ಬಂದಾಗ ಗುಂಡುಕಲ್ಲು ಉರುಳಿಸಿ ತರುತ್ತದೆ, ಜೋರು ಇಳಿದಾಗ ಮರಳು ಬಿಡುತ್ತದೆ, ದಣಿದು ನಿಂತಾಗ ನುಣ್ಣನೆಯ ಮೆಕ್ಕಲು ಇಳಿಯುತ್ತದೆ. ಕೆಳಗೆ ದಪ್ಪ, ಮೇಲೆ ನುಣುಪು, ಇಷ್ಟಾದರೆ ನೀರು ಒಮ್ಮೆ ಬಂದು ಹೋಯಿತು ಎಂದರ್ಥ. ಮರಳುಗಲ್ಲಿನ ಒಳಗೆ ಓರೆ ಗೆರೆಗಳನ್ನು ತೋರಿಸಿ, ಅವು ಯಾವ ಕಡೆಗೆ ಇಳಿಜಾರಾಗಿವೆಯೋ ಆ ಕಡೆಗೆ ನೀರು ಹರಿದಿತ್ತು ಎಂದು ಹೇಳಿದರು. ಕಲ್ಲಿನೊಳಗೆ ಹೊಳೆಯ ದಿಕ್ಕು ಕಂಡ ಆ ಮಧ್ಯಾಹ್ನ ನನಗೆ ಊಟ ಬೇಡವಾಗಿತ್ತು.

ಒಂದು ಕಡೆ ಓರೆಯಾಗಿ ಮಲಗಿದ ಹಳೆಯ ಪದರಗಳ ತಲೆ ಸವೆದು, ಅವುಗಳ ಮೇಲೆ ಬೇರೊಂದು ಪದರು ಮಟ್ಟಸವಾಗಿ ಕೂತಿತ್ತು. ಈ ಎರಡರ ನಡುವೆ ಏನಿದೆ ಎಂದು ಕೇಳಿದರು. ಏನೂ ಇಲ್ಲ ಎಂದೆ.

“ಏನೂ ಇಲ್ಲ ಅಲ್ಲ ಕಣ್ರೀ, ಇದ್ದದ್ದು ಹೋಗಿದೆ,” ಎಂದರು. ನಾನು ಮುಖ ಮುಖ ನೋಡುವುದನ್ನು ಕಂಡು ರೊಟ್ಟಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. “ಇದ್ರಲ್ಲಿ ಈಗ ಮೂರು ರೊಟ್ಟಿ ಇದೆ. ಮೂರೇ ಸುಟ್ಟಿದ್ರು ಅಂತ ಬರ್ಕೊಳ್ತೀರಾ? ನಮಗಿಂತ ಮೊದಲು ಯಾರು ಊಟಕ್ಕೆ ಕೂತಿದ್ರು ಅಂತ ಕೇಳ್ಬೇಕು ತಾನೇ?”

ಈ ಮಾತನ್ನು ನಾನು ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ. ಹಾಗಾಗಿ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಮರುವರ್ಷ ನಮ್ಮನ್ನು ಭೀಮೆಯ ದಂಡೆಗೆ ಕಳಿಸಿದರು. ಡೇರೆ ಆಲಮೇಲದಲ್ಲಿ. ಕೆಲಸ ದೇವಣಗಾಂವದ ಆಚೆ, ಹೊಳೆಗೆ ಅಂಟಿಕೊಂಡಿದ್ದ ಒಂದು ಸಣ್ಣ ಊರಿನಲ್ಲಿ. ಹಿಂದಿನ ಮಳೆಗಾಲದಲ್ಲಿ ಹೊಳೆ ಆ ಊರೊಳಗೆ ನುಗ್ಗಿ ಅರ್ಧಕ್ಕರ್ಧ ಗೋಡೆಗಳನ್ನು ಮಲಗಿಸಿತ್ತು. ಊರನ್ನು ಎತ್ತಿ ಬೇರೆ ಕಡೆ ಇಡಬೇಕು ಎಂದು ಸರ್ಕಾರ ತೀರ್ಮಾನಿಸಿತ್ತು. ಎಲ್ಲಿ ಇಡಬೇಕೆಂಬುದಕ್ಕೆ ಎರಡು ಜಾಗ ನೋಡಿದ್ದರು. ಒಂದು, ಅರ್ಧ ಮೈಲು ದೂರದ ಅಗಲವಾದ ದಿಬ್ಬ. ಹೊಲಗಳಿಗೆ ಹತ್ತಿರ, ಬಾವಿಗೆ ಹತ್ತಿರ, ಊರವರಿಗೆಲ್ಲ ಮನಸ್ಸಿಗೆ ಬಂದ ಜಾಗ. ಇನ್ನೊಂದು, ಅಲ್ಲಿಂದ ಮತ್ತೊಂದು ಮೈಲು ಮೇಲಿನ ಕಲ್ಲು ಮಡ್ಡಿ, ಎತ್ತರದ ಬರಡು ನೆಲ. ಅಲ್ಲಿ ನೀರಿಲ್ಲ, ನೆರಳಿಲ್ಲ. ಹಿಂದಿನ ವರ್ಷದ ನೀರು ದಿಬ್ಬದ ಅಂಚಿಗೆ ಬರುವ ಮೊದಲೇ ನಿಂತಿತ್ತು. ಅದಕ್ಕಿಂತ ದೊಡ್ಡ ನೀರು ಹಿಂದೆ ಯಾವಾಗಾದರೂ ದಿಬ್ಬದ ಮೇಲೆ ಬಂದಿತ್ತೇ ಎಂಬುದನ್ನು ಮಣ್ಣು ಹೇಳಬೇಕು, ಅದನ್ನು ನಾವು ಓದಬೇಕು. ಇಷ್ಟೇ ಕೆಲಸ.

ಆ ಊರಿನಲ್ಲಿ ನಮಗೆ ಮೊದಲು ಪರಿಚಯವಾದವಳು ಮಾಳಿಗೆ ಮಣ್ಣು ಮಾರುವ ಹೆಂಗಸು. ಮುಸಲ್ಮಾನರ ಮನೆ, ಐವತ್ತರ ಆಸುಪಾಸು. ಊರೆಲ್ಲ ಚಾಚಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನಮ್ಮ ಸೀಮೆಯ ಮಾಳಿಗೆ ಮನೆಗಳನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ತೊಲೆ, ಜಂತಿ ಹಾಕಿ, ಮೇಲೆ ಬೇವಿನ ಸೊಪ್ಪು ಹಾಸಿ, ಅದರ ಮೇಲೆ ದಪ್ಪಗೆ ಮಣ್ಣು ಬಡಿಯುತ್ತಾರೆ. ಕಪ್ಪು ಎರೆಮಣ್ಣು ಇದಕ್ಕೆ ಬಾರದು, ಬಿಸಿಲಿಗೆ ಬಿರಿದು ಮಳೆಗೆ ಸೋರುತ್ತದೆ. ಬೂದಿ ಬಣ್ಣದ, ಹಿಟ್ಟಿನಂಥ ನುಣುಪು ಮಣ್ಣೇ ಬೇಕು. ವರ್ಷಕ್ಕೊಮ್ಮೆ, ಮಳೆ ಬರುವ ಮುಂಚೆ, ಅದನ್ನು ಒಂದು ಪದರು ಹೊಸದಾಗಿ ಎರಚಬೇಕು. ಚಾಚಿ ಎರಡು ಕತ್ತೆ ಕಟ್ಟಿಕೊಂಡು ಈ ಮಣ್ಣನ್ನು ಸುತ್ತಲಿನ ಊರುಗಳಿಗೆ, ಆಲಮೇಲದವರೆಗೂ ಹೇರುತ್ತಿದ್ದಳು.

ಅವಳ ಗಂಡ ಹಾಸಿಗೆ ಹಿಡಿದಿದ್ದ. ಕೂರಬಲ್ಲ, ಮಾತಾಡಬಲ್ಲ, ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಹಿಂದಿನ ವರ್ಷ ಹೊಳೆ ಬಂದಾಗ ಎಲ್ಲರೂ ತಮ್ಮ ತಮ್ಮ ಕಾಳು, ಕೋಳಿ, ಮಕ್ಕಳನ್ನು ಎತ್ತಿಕೊಂಡು ಓಡಿದ್ದರು. ಚಾಚಿ ಗಂಡನನ್ನು ಬೆನ್ನಿಗೆ ಸೀರೆಯಿಂದ ಕಟ್ಟಿಕೊಂಡು ತೊಡೆಮಟ್ಟದ ನೀರಿನಲ್ಲಿ ನಡೆದು ಬಂದಿದ್ದಳು. ಸಾಹೇಬರು ಮೊದಲ ದಿನ ಊರ ಮುಂದೆ ನಿಂತು ಎಲ್ಲರಿಗೂ ಏನು ಬೇಕೆಂದು ಕೇಳಿದಾಗ ಒಬ್ಬ ಬಾವಿ ಎಂದ, ಇನ್ನೊಬ್ಬ ಗುಡಿಗೆ ಜಾಗ ಎಂದ, ಮತ್ತೊಬ್ಬ ರಸ್ತೆ ಎಂದ. ಚಾಚಿ ಮಾತ್ರ ನನ್ನ ಕಡೆ ತಿರುಗಿ ಹೇಳಿದಳು:

“ಮಣ್ಣ ಎಷ್ಟರ ಹೊರತೇನಿ ತಮ್ಮಾ, ಬ್ಯಾಸರ ಇಲ್ಲ. ಆದ್ರ ಇವರ್ನ ಇನ್ನೊಮ್ಮಿ ನೀರಾಗ ಹೊರಾಕ ನನ್ನ ಕೈಲೆ ಆಗೂದಿಲ್ಲ. ಹೊಳಿ ಬರಲಾರದಂಥಾ ಜಾಗಾ ನೋಡಿ ಹೇಳ್ರಿ. ನನಗ ಅಷ್ಟ ಸಾಕು.”

ದಿಬ್ಬದ ಮೇಲೆ ಮೂರು ಗುಂಡಿ ತೋಡಿಸಿದೆವು. ಮೂರರಲ್ಲೂ ಒಂದೇ ನೋಟ: ತಳದಲ್ಲಿ ಗರಸು, ಅದರ ಮೇಲೆ ಗುಂಡುಕಲ್ಲಿನ ಪದರು, ಅದರ ಮೇಲೆ ಸುಣ್ಣದ ಹರಳುಗಳು ಕೂಡಿದ ಗಟ್ಟಿ ಹಳದಿ ಜೇಡಿ, ಮೇಲೆ ಅಂಗೈ ದಪ್ಪ ಧೂಳು. ಸುಣ್ಣದ ಹರಳು ಕಟ್ಟಬೇಕಾದರೆ ಮಣ್ಣು ಬಹಳ ಕಾಲ ಕದಲದೆ ಬಿದ್ದಿರಬೇಕು. ಅಂದರೆ ಹೊಳೆ ಇಲ್ಲಿಗೆ ಬಂದದ್ದು ಎಂದೋ ಹಳೆಯ ಕಾಲದಲ್ಲಿ. ಹೊಳೆದಂಡೆಯ ಕಡಿದಾದ ದರಿಯಲ್ಲಿ ಕಾಣುವ ಬೂದಿ ಬಣ್ಣದ ಹೊಸ ಮೆಕ್ಕಲಿನ ತೆಳು ಪದರುಗಳು ಇಲ್ಲಿ ಒಂದೂ ಇರಲಿಲ್ಲ. ಹೊಸ ಮೆಕ್ಕಲು ಇಲ್ಲ, ಆದ್ದರಿಂದ ಹೊಸ ನೀರು ಬಂದಿಲ್ಲ. ಎಷ್ಟು ಸೊಗಸಾದ ತರ್ಕ! ನಾನು ಮೂರೂ ಗುಂಡಿಗಳ ನಕ್ಷೆ ಬರೆದು, ಒಂದರ ಪದರನ್ನು ಇನ್ನೊಂದರ ಪದರಿಗೆ ಗೆರೆಯಿಂದ ಜೋಡಿಸಿ, ಮೇಣಬಟ್ಟೆಯ ಮೇಲೆ ಮಸಿಯಲ್ಲಿ ತಿದ್ದಿದೆ. ಸಾಹೇಬರು ಅದನ್ನು ಬೆಳಕಿಗೆ ಹಿಡಿದು, “ನಿಮ್ಮ ಕೈ ಬಂಗಾರ ಕಣ್ರೀ. ನಿಮ್ಮನ್ನ ಕಾಯಂ ಮಾಡಿ ಅಂತ ನಾನೇ ಬರೀತೀನಿ,” ಎಂದರು.

ಮಾರನೆಯ ದಿನ ನಾನೊಬ್ಬನೇ ದಿಬ್ಬಕ್ಕೆ ಹೋದೆ. ಉಳಿದದ್ದು ಒಂದೇ ಕೆಲಸ, ನಮೂನೆಯ ಕಾಗದ ತುಂಬುವುದು. ಅದರ ಕೊನೆಯ ಅಂಕಣದ ತಲೆಬರಹ ‘ಊರವರ ಹೇಳಿಕೆ’. ನಾನು ಬದುವಿನ ಮೇಲೆ ಕೂತು ಬರೆಯುತ್ತಿದ್ದಾಗ ಚಾಚಿ ಖಾಲಿ ಕತ್ತೆಗಳನ್ನು ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದಳು. ಗುಂಡಿಯೊಳಗೆ ಇಣುಕಿ ನೋಡಿ ಕೇಳಿದಳು:

“ಏನ್ ಅಂತೈತಿ ತಮ್ಮಾ ನಿನ್ನ ಮಣ್ಣ?”

“ಇಲ್ಲಿಗೆ ಹೊಳೆ ಬರುವುದಿಲ್ಲ ಚಾಚಿ,” ಎಂದೆ. ಅವಳ ಜೊತೆಗೂ ಅದೇ ಪುಸ್ತಕದ ಭಾಷೆ!

“ಹಂಗಂದ್ರ ನಾ ಇಲ್ಲಿ ಇಷ್ಟ ವರ್ಷ ಹೊತ್ತದ್ದು ಏನು?”

ನಾನು ತಲೆ ಎತ್ತಿದೆ. ಅವಳು ಕತ್ತೆಗಳನ್ನು ಬಿಟ್ಟು ಹತ್ತಿರ ಬಂದು ಕೂತಳು. ಈ ದಿಬ್ಬದ ತುಂಬ ಮಾಳಿಗೆ ಮಣ್ಣೇ ಇತ್ತು ಎಂದಳು. ಅವಳ ಅತ್ತೆಯ ಕಾಲದಲ್ಲಿ ಎದೆಮಟ್ಟ ಇತ್ತಂತೆ. ಅತ್ತೆ ಹೊತ್ತಳು, ಇವಳು ಹೊತ್ತಳು, ಸುತ್ತಲಿನ ಊರವರು ಬಂಡಿ ಕಟ್ಟಿಕೊಂಡು ಬಂದು ಹೊತ್ತರು. ಹತ್ತು ವರ್ಷದ ಹಿಂದೆ ಎಲ್ಲ ತೀರಿತು, ಆಮೇಲೆ ಅವಳು ಹೊಳೆದಂಡೆಗೆ ಹೋಗತೊಡಗಿದಳು.

“ನಮ್ಮವರ ಸೊಂಟಾ ಇಲ್ಲೇ ಮುರದದ್ದು. ದರಿ ಅಗದು ಅಗದು ಒಳಗ ಹೋಗಿದ್ರು, ಮ್ಯಾಲಿನ ಮಣ್ಣ ಕುಸದು ಬಿತ್ತು. ಈಗ ನೋಡು, ಬೀಳಾಕ ಇಲ್ಲಿ ಏನರ ಐತೇನು? ಆ ಮಣ್ಣಾಗ ಹೊಳಿ ಚಿಪ್ಪ ಬರತಿದ್ದೂ, ನಾ ಕೈಲೆ ಆರಿಸಿ ಒಗೀತಿದ್ದೆ. ಚಿಪ್ಪ ಏನ ತಾವ ನಡಕೋತ ಬಂದಾವೇನು? ಹೊಳಿನ ತಂದದ್ದದು. ಹಂಗಂತ ನಿಮ್ಮ ಸಾಹೇಬ್ರಿಗೆ ಹೇಳು. ಊರ ಮಡ್ಡಿ ಮ್ಯಾಲ ಇಡ್ರಿ ಅನ್ನು. ನೀರ ನಾ ಹೊತ್ತ ತರತೇನಿ.”

ಎದ್ದು ನಿಂತು ಅವಳು ದಿಬ್ಬದ ಆ ತುದಿಯ ಬನ್ನಿ ಗಿಡವನ್ನು ಕೈಮಾಡಿ ತೋರಿಸಿದಳು. ಬನ್ನಿಯ ಬೇರಿಗೆ ಯಾರೂ ಸಲಿಕೆ ಹಚ್ಚುವುದಿಲ್ಲ. ಹಬ್ಬಕ್ಕೆ ಪೂಜೆಗೊಳ್ಳುವ ಗಿಡ. ಅವಳೂ ಹಚ್ಚಿರಲಿಲ್ಲ, ಅವಳ ಅತ್ತೆಯೂ ಹಚ್ಚಿರಲಿಲ್ಲ. ಸುತ್ತಲಿನ ಮಣ್ಣೆಲ್ಲ ಹೋಗಿ ಆ ಗಿಡವೊಂದು ಎದೆಯೆತ್ತರದ ಕಟ್ಟೆಯ ಮೇಲೆ ನಿಂತಂತೆ ನಿಂತಿತ್ತು. ನಾನು ಅದನ್ನು ಮೂರು ದಿನದಿಂದ ನೋಡುತ್ತಿದ್ದೆ. ಯಾರೋ ಪೂಜೆಗೆಂದು ಕಟ್ಟೆ ಕಟ್ಟಿದ್ದಾರೆ ಎಂದುಕೊಂಡಿದ್ದೆ.

ಅವಳು ಹೊರಟ ಮೇಲಲ್ಲ, ಅವಳು ಅಲ್ಲೇ ಇದ್ದಾಗಲೇ ನಾನು ಎದ್ದು ಹೋಗಿ ನೋಡಿದೆ. ಬೂದಿ ಬಣ್ಣದ ಮೆಕ್ಕಲು. ಪದರಿನ ಮೇಲೆ ಪದರು, ಪ್ರತಿಯೊಂದರ ಬುಡದಲ್ಲಿ ಸಣ್ಣ ಮರಳು, ಮೇಲೆ ಬೆರಳಿಗೆ ಜಾರುವ ನುಣುಪು. ಸಾಹೇಬರು ಕಲಿಸಿದ ಪ್ರಕಾರವೇ ಇತ್ತು. ಒಂಬತ್ತರವರೆಗೆ ಎಣಿಸಿದೆ. ಮೇಲೆ ಇನ್ನೂ ಇದ್ದವು. ಎಣಿಸುವುದನ್ನು ನಿಲ್ಲಿಸಿದೆ.

ಆ ಮಣ್ಣಿನ ವಾಸನೆ ನನಗೆ ಹೊಸದೇನಲ್ಲ. ಇಂಡಿಯ ನಮ್ಮ ಮನೆಯ ಮಾಳಿಗೆಗೆ ಅವ್ವ ಹಾಕಿಸುತ್ತಿದ್ದುದೂ ಅಂಥದ್ದೇ ಮಣ್ಣು. ಮೊದಲ ಮಳೆ ಬಿದ್ದಾಗ ಬೆಳಕಿಂಡಿಯಿಂದ ಅದೇ ವಾಸನೆ ಒಳಗಿಳಿಯುತ್ತಿತ್ತು. ಮಣ್ಣು ಓದುವ ಬೇರೆ ಯಾರು ಮಾಡಿದ್ದರೂ ಈ ತಪ್ಪನ್ನು ಕ್ಷಮಿಸಬಹುದು. ಮಣ್ಣು ಮಾಳಿಗೆಗೆ ಹೋಗುತ್ತದೆಂಬುದು ಸಾಹೇಬರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಅದರ ಕೆಳಗೆ ಮಲಗಿ ಬೆಳೆದವನು.

ಬದುವಿಗೆ ಬಂದು ಕೂತೆ. ಚಾಚಿ ನನ್ನ ಎದುರಿಗೇ ನಿಂತಿದ್ದಳು. ಕಾಗದ ತೊಡೆಯ ಮೇಲಿತ್ತು. ‘ಊರವರ ಹೇಳಿಕೆ’ ಎಂಬಲ್ಲಿ ಪೆನ್ಸಿಲು ಇಟ್ಟೆ. ಆಗ ನನ್ನ ತಲೆಯಲ್ಲಿ ಏನೇನು ಓಡಿತು ಎಂಬುದು ಇವತ್ತಿಗೂ ನೆನಪಿದೆ. ಮೇಣಬಟ್ಟೆಯ ನಕ್ಷೆಯನ್ನು ಹರಿದು ಮತ್ತೆ ಬರೆಯಬೇಕು. ಬಂಗಾರದ ಕೈ ಎಂದವರ ಮುಂದೆ ತಪ್ಪಾಯಿತು ಎನ್ನಬೇಕು. ಕಾಯಂ ಆಗುವ ಮಾತು ಹಿಂದೆ ಬೀಳಬಹುದು. ಇವೆಲ್ಲ ಇದ್ದವು. ಆದರೆ ಇವೆಲ್ಲಕ್ಕಿಂತ ದೊಡ್ಡದೊಂದಿತ್ತು, ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ನಮ್ಮ ಜನ ಹೊಳೆಯ ಮಣ್ಣನ್ನು ತಲೆಯ ಮೇಲೆ ಹಾಕಿಕೊಂಡು ಅದರಡಿ ಮಲಗುತ್ತಾರೆ, ಕತ್ತೆಯ ಮೇಲೆ ಮಣ್ಣು ಮಾರುವ ಒಬ್ಬ ಹೆಂಗಸು ಹೀಗೆ ಹೇಳಿದಳು ಎಂದು ಸಾಹೇಬರಿಗೆ ಹೇಳಿದರೆ ಅವರು ಆ ಮಗುವಿನ ಮಾತು ಕೇಳಿದ ನಗೆಯನ್ನು ನಗುತ್ತಾರೆ ಎಂದು ನನಗೆ ಅಂಜಿಕೆಯಾಯಿತು.

ಆ ಅಂಕಣದಲ್ಲಿ ಒಂದು ಸಣ್ಣ ಗೀಟು ಎಳೆದೆ. ಏನೂ ಇಲ್ಲ ಎಂಬುದಕ್ಕೆ ನಾವು ಹಾಗೇ ಎಳೆಯುತ್ತಿದ್ದೆವು.

ಸಂಜೆ ಡೇರೆಯಲ್ಲಿ ಸಾಹೇಬರು ಕಾಗದ ನೋಡಿದರು. ಕೊನೆಯ ಅಂಕಣದ ಮೇಲೆ ಬೆರಳಿಟ್ಟು, “ಊರವರು ಯಾರೂ ಏನೂ ಹೇಳ್ಲಿಲ್ವಾ?” ಎಂದು ಕೇಳಿದರು.

“ಇಲ್ಲ ಸರ್, ಏನೂ ಇಲ್ಲ,” ಎಂದೆ.

ಅವರು ಸಹಿ ಹಾಕಿದರು. ಬೆಳಿಗ್ಗೆ ದಿಬ್ಬಕ್ಕೆ ಕೊನೆಯ ಬಾರಿ ಹೋಗಿ ಬರೋಣವೇ ಎಂದು ಅವರೇ ಕೇಳಿದ್ದರು. ಸಿಂದಗಿಗೆ ಹೋಗುವ ಬಸ್ಸು ತಪ್ಪುತ್ತದೆ ಎಂದು ನಾನೇ ತಪ್ಪಿಸಿದೆ. ಅವರು ಬನ್ನಿ ಗಿಡದ ಹತ್ತಿರ ಹೋಗಿದ್ದರೆ ಎರಡು ನಿಮಿಷದಲ್ಲಿ ಎಲ್ಲ ಓದುತ್ತಿದ್ದರು. ನನ್ನ ಮಾತು ಕೇಳಿ ನಗುತ್ತಿದ್ದರು ಎಂಬುದೂ ಸುಳ್ಳು. ಅವರು ಅಂಥವರಲ್ಲ. ಕೇಳಿದ್ದರೆ ಕುಣಿದಾಡಿಬಿಡುತ್ತಿದ್ದರು, ಆ ಚಾಚಿಯನ್ನು ಕರೆಸಿ ಕುರ್ಚಿ ಹಾಕಿ ಕೂಡಿಸಿ ಇನ್ನಷ್ಟು ಕೇಳುತ್ತಿದ್ದರು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಊರು ದಿಬ್ಬದ ಮೇಲೆ ಎದ್ದಿತು. ನಾನು ಕಾಯಂ ಆದೆ. ಮದುವೆಯಾಯಿತು, ಮುದ್ದೇಬಿಹಾಳಕ್ಕೆ ವರ್ಗವಾಯಿತು. ಮೊದಲ ಒಂದೆರಡು ಮಳೆಗಾಲ ಭೀಮೆಯ ಸುದ್ದಿ ಬಂದಾಗ ಪತ್ರಿಕೆಯಲ್ಲಿ ಆ ಊರಿನ ಹೆಸರು ಹುಡುಕುತ್ತಿದ್ದೆ. ಏನೂ ಆಗಲಿಲ್ಲ. ಮೂರನೆಯ ವರ್ಷಕ್ಕೆ ನಾನು ಮರೆತೆ ಎಂದರೂ ಸರಿಯೇ. ಒಂಬತ್ತು ಪದರು ಬೀಳಲು ಎಷ್ಟು ತಲೆಮಾರು ಬೇಕೋ ಯಾರಿಗೆ ಗೊತ್ತು, ಅಷ್ಟರಲ್ಲಿ ನಾವ್ಯಾರೂ ಇರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನಾಲ್ಕನೆಯ ಮಳೆಗಾಲದಲ್ಲಿ ಹೊಳೆ ದಿಬ್ಬ ಏರಿತು. ನನಗೆ ಸುದ್ದಿ ಹೇಳಿದವನು ಸಿಂದಗಿಯ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್. ಹೊಸ ಊರಿನೊಳಗೆ ಕಿಟಕಿಯ ಮಟ್ಟ ನೀರು ಬಂತಂತೆ, ಹಗಲಾಗಿದ್ದರಿಂದ ಜನ ಮಡ್ಡಿಗೆ ಹೋಗಿ ಉಳಿದುಕೊಂಡರಂತೆ. “ಒಬ್ಬ ಮುದುಕ ಸತ್ತಾನಂತ್ರಿ, ಎದ್ದು ಓಡಾಡಲಾರದಾಂವ,” ಎಂದ. ಟಿಕೆಟ್ ಹರಿಯುತ್ತ ಮುಂದಿನ ಸೀಟಿಗೆ ಹೋದ. ಯಾರೆಂದು ನಾನು ಕೇಳಲಿಲ್ಲ.

ಎರಡು ವಾರದ ಮೇಲೆ ಸಾಹೇಬರ ಪತ್ರ ಬಂತು. ಅವರು ಆಗಲೇ ನಿವೃತ್ತರಾಗಿ ತಮ್ಮ ಊರು ಸೇರಿದ್ದರು. ಪತ್ರಿಕೆಯಲ್ಲಿ ಓದಿದೆ, ನಿದ್ದೆ ಬರುತ್ತಿಲ್ಲ, ಆ ಮಣ್ಣಿನಲ್ಲಿ ನಾವು ಏನನ್ನು ಕಾಣದೆ ಹೋದೆವು ಎಂದು ತಿಳಿಯುತ್ತಿಲ್ಲ, ಹಿರಿಯವನಾಗಿ ತಪ್ಪು ನನ್ನದೇ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಬರೆದಿದ್ದರು. ಆ ಪತ್ರವನ್ನು ಎಷ್ಟು ಸಲ ಓದಿದೆನೋ! ಉತ್ತರ ಬರೆಯಲು ನಾಲ್ಕು ಸಲ ಕೂತೆ. ಬರೆಯಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಅರ್ಧ ಬರೆದ ಒಂದು ಹಾಳೆ ಇತ್ತು. ತಾನು ಮಾಡದ ತಪ್ಪನ್ನು ಹೊತ್ತುಕೊಂಡೇ ಅವರು ಹೋದರು.

ಆ ಊರಿಗೆ ಹೋಗಲು ನನಗೆ ಹತ್ತು ತಿಂಗಳು ಬೇಕಾಯಿತು. ದೇವರ ಹಿಪ್ಪರಗಿಯವರೆಗೆ ಒಮ್ಮೆ ಹೋಗಿ, ಸಂತೆಯಲ್ಲಿ ಸುಮ್ಮನೆ ಅಡ್ಡಾಡಿ, ತೊಗರಿಬೇಳೆ ಕೊಂಡು ವಾಪಸು ಬಂದಿದ್ದೆ. ಬೇಸಿಗೆ ಮುಗಿಯುವ ಹೊತ್ತಿಗೆ ಮತ್ತೆ ಹೊರಟೆ. ಸಿಂದಗಿಯಲ್ಲಿ ಬಸ್ಸು ಬದಲಿಸಿ, ಆಲಮೇಲದಲ್ಲಿ ಇಳಿದು, ಸಿಕ್ಕ ಬಂಡಿ ಹತ್ತಿ ಉಳಿದದ್ದನ್ನು ನಡೆದೆ.

ದಿಬ್ಬದ ಅಂಚಿಗೇ ಕಾಲಡಿಯ ನೆಲ ಮೆತ್ತಗಾಯಿತು. ನೆಲದ ಮೇಲೆ ಗೇಣು ದಪ್ಪ ಬೂದಿ ಬಣ್ಣದ ಮೆಕ್ಕಲು, ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಎದ್ದಿತ್ತು. ನಾನು ಗುಂಡಿ ತೋಡಿಸಿದ ಜಾಗದಲ್ಲೇ ಚಾಚಿ ಕೂತು ಸಲಿಕೆಯಿಂದ ಅದನ್ನು ಹೆರೆದು ಬುಟ್ಟಿಗೆ ತುಂಬುತ್ತಿದ್ದಳು. ಕತ್ತೆಗಳು ಇರಲಿಲ್ಲ. ಮನೆಯ ಗೋಡೆ ಅರ್ಧ ಹೊಸದು, ಅರ್ಧ ಹಳೆಯದು. ಬಹಳ ಮಂದಿ ಮಡ್ಡಿಗೆ ಹೋಗಿ ಗುಡಿಸಲು ಹಾಕಿಕೊಂಡಿದ್ದರು, ಅವಳು ಅಲ್ಲೇ ಇದ್ದಳು. ನನ್ನ ಗುರುತು ಕೂಡಲೇ ಹತ್ತಿತು.

“ಬಾ ತಮ್ಮಾ. ಚಲೋ ಹೊತ್ತಿಗೆ ಬಂದಿ. ಈ ಬುಟ್ಟಿ ಒಂದೀಟು ಮ್ಯಾಲ ಕೊಡು,” ಎಂದು ನಿಚ್ಚಣಿಕೆ ಹತ್ತಿದಳು.

ನಾನು ಕೆಳಗಿನಿಂದ ಬುಟ್ಟಿ ಕೊಡುತ್ತ ಹೋದೆ, ಅವಳು ಮಾಳಿಗೆಯ ಮೇಲೆ ಎರಚುತ್ತ ಹೋದಳು. ಎಂಟು ಹತ್ತು ಬುಟ್ಟಿಯಾದ ಮೇಲೆ ನನ್ನನ್ನೂ ಮೇಲಕ್ಕೆ ಕರೆದಳು. ಬೆಳಕಿಂಡಿಯ ಪಕ್ಕ ಕೂತೆವು. ಗಂಡನ ಬಗ್ಗೆ ಅವಳೇ ಹೇಳಿದಳು. ಸೊಂಟಮಟ್ಟ ನೀರಿನಲ್ಲಿ ಮಡ್ಡಿಯವರೆಗೆ ಹೊತ್ತಳಂತೆ. “ಹಗರ ಆಗಿದ್ರು ಪಾಪ, ಮೊದಲಿನಗತೆ ಭಾರ ಇರಲಿಲ್ಲ,” ಎಂದಳು. ಮಡ್ಡಿಯ ಮೇಲೆ ಎರಡು ದಿನ ಮಳೆಯಲ್ಲಿ ನೆನೆದು ಎದೆ ಕಟ್ಟಿತು, ಮೂರನೆಯ ದಿನ ಮಧ್ಯಾಹ್ನ ಹೋದರು. ಎಲ್ಲಿಯೂ ಅವಳ ದನಿ ಏರಲಿಲ್ಲ.

ನಾನು ಹೇಳಿದೆ. ಹತ್ತು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಅವ್ವನ ಮುಂದೆ ಆಡುವ ಮಾತೇ ಬಾಯಿಗೆ ಬಂತು.

“ಚಾಚಿ, ನೀ ಅವತ್ತ ಹೇಳಿದ್ದು ಖರೇ ಇತ್ತು. ನಾ ಬನ್ನಿ ಗಿಡದ ಬುಡಾ ನೋಡಿದ್ದೆ. ನನಗ ಗೊತ್ತಾಗಿತ್ತು. ಗೊತ್ತಾದ ಮ್ಯಾಲೂ ನಾ ಬರೀಲಿಲ್ಲ. ಸಾಹೇಬ್ರು ಕೇಳಿದ್ರು, ಯಾರೂ ಏನೂ ಹೇಳಿಲ್ಲಂತ ಸುಳ್ಳ ಹೇಳಿದೆ.”

ಅಂಗೈಯಿಂದ ಮಣ್ಣನ್ನು ಸವರಿ ಸವರಿ ಮಟ್ಟ ಮಾಡುತ್ತಿದ್ದಳು. ಬೈಯಲಿ ಎಂದು ಕಾದೆ, ಬೈದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ.

“ಬರೀಲಿಲ್ಲೇನು?” ಎಂದಳು ಕೊನೆಗೆ. ನಿಜವಾಗಿಯೂ ಅಚ್ಚರಿಯಿಂದ ಕೇಳಿದಳು. “ನೀ ಪೆನ್ಸಿಲ್ ಇಟ್ಟು ಗೀಟ ಎಳದದ್ದು ನಾ ಕಣ್ಣಾರೆ ನೋಡೇನಲ್ಲೋ. ಇಷ್ಟ ಉದ್ದ.” ಹೊಸ ಮಣ್ಣಿನ ಮೇಲೆ ಬೆರಳಿನಿಂದ ಒಂದು ಸಣ್ಣ ಗೀಟು ಎಳೆದು ತೋರಿಸಿದಳು. “ಮನಿಗೆ ಬಂದು ಇವರಿಗೂ ಹೇಳಿದ್ದೆ. ನಾ ಅಷ್ಟೊತ್ತು ಮಾತಾಡಿದ್ದು ಇಷ್ಟರಾಗ ಬರದಾನ ನೋಡ್ರಿ, ಓದಿದವರ ಕೈ ಹೆಂಗಿರತೈತಿ ಅಂತ. ಹೊಳಿ ಬರತೈತಂತ ಬರದ ಮ್ಯಾಲೂ ಸಾಹೇಬ್ರು ಇಲ್ಲೇ ಇರ್ರಿ ಅಂದಾರಂದ್ರ, ಅದಕ್ಕ ಏನರ ಬಂದೋಬಸ್ತ್ ಮಾಡಿರಬೇಕಂತ ಇಬ್ಬರೂ ನಿಶ್ಚಿಂತಿಲೆ ಇದ್ವಿ.”

ಅವಳು ಆ ಗೀಟನ್ನು ಅಂಗೈಯಿಂದ ಸವರಿ ಮಟ್ಟ ಮಾಡಿದಳು. ಕೆಳಗೆ ಇನ್ನೂ ನಾಲ್ಕು ಬುಟ್ಟಿ ಮಣ್ಣಿತ್ತು. ಇಳಿದು ಹೋಗಿ ಒಂದೊಂದಾಗಿ ಕೊಟ್ಟೆ.